ಗೋಡೆಗೆ ಬಣ್ಣ ಹೊಡೆಯುವವರ ಬಾಚಣಿಗೆ

ಶಿರಸಿಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಜರ್ಮನಿಯ ವಿಲ್ಲಿ ಬೌಮೈಸ್ಟರ್ ಅವರ ಚಿತ್ರ ಹಾಕಿದ್ದೀರಿ. ಕಣ್ಣಿಲ್ಲ, ಮೂಗಿಲ್ಲ. ಗೋಡೆಗೆ ಬಣ್ಣ ಹೊಡೆಯುವವನೂ ಇದನ್ನು ಮಾಡುತ್ತಾನೆ. ಅಚ್ಚು ಹಾಕಿ ಹತ್ತಾರು ಪ್ರತಿ ತೆಗೆದಿದ್ದನ್ನೂ ಕಲಾಕೃತಿ ಅಂತೀರಲ್ಲ, ಅದು ಹೇಗೆ?"

ಸ್ವಾಮಿ, ಬೈಯಲು ಹೊರಟು ನಿಜ ಹೇಳಿಬಿಟ್ಟಿದ್ದೀರಿ. ಬೌಮೈಸ್ಟರ್ ಗೋಡೆಗೆ ಬಣ್ಣ ಹೊಡೆಯುವವರೇ! 1889ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಅವರು, 1905ರಿಂದ ಎರಡು ವರ್ಷ ಮಾವನ ಕೈಕೆಳಗೆ ಮನೆಗಳ ಅಲಂಕಾರದ ಬಣ್ಣಗಾರಿಕೆ ಕಲಿತರು. ಚಿತ್ರಕಲಾ ಶಾಲೆಯಲ್ಲಿ ಅಡಾಲ್ಫ್ ಹೋಲ್ಟ್‌ಸೆಲ್ ಗುರುಗಳಾಗಿ ಸಿಕ್ಕಿದ್ದು ಆಮೇಲೆ.

ಆ ಕಸುಬಿನಲ್ಲಿ ಒಂದು ಬಾಚಣಿಗೆ ಇದೆ. ಹಸಿ ಬಣ್ಣದ ಮೇಲೆ ಎಳೆದರೆ ಅಗ್ಗದ ಹಲಗೆಯಲ್ಲೂ ಒಳ್ಳೆ ಮರದ ಗೆರೆ ಮೂಡುತ್ತದೆ. ಬೌಮೈಸ್ಟರ್ ಅದೇ ಬಾಚಣಿಗೆಯನ್ನು ಕ್ಯಾನ್ವಾಸಿಗೆ ತಂದರು. ಬಣ್ಣಕ್ಕೆ ಮರಳು ಬೆರೆಸಿದರು, ಪುಟ್ಟಿ ಹಚ್ಚಿದರು. ಹಳೇ ಗುಹೆಯ ಗೋಡೆ ಸವರಿದ ಹಾಗೆ ಕಾಣಬೇಕಿತ್ತು ಅವರಿಗೆ.

ಇದೆಲ್ಲ ನೆಮ್ಮದಿಯಲ್ಲಿ ಆಗಿದ್ದಲ್ಲ. 1928ರಿಂದ ಫ್ರಾಂಕ್‌ಫರ್ಟ್‌ನಲ್ಲಿ ಮೇಷ್ಟ್ರಾಗಿದ್ದವರನ್ನು 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದರು. 1937ರಲ್ಲಿ ಮ್ಯೂನಿಕ್‌ನಲ್ಲಿ 'ಕೆಟ್ಟುಹೋದ ಕಲೆ' ಎಂದು ಹೀಯಾಳಿಸಲು ನಡೆಸಿದ ಪ್ರದರ್ಶನದಲ್ಲಿ ಇವರ ಚಿತ್ರಗಳನ್ನೂ ತೂಗುಹಾಕಿದರು. ಅದನ್ನು ಜೋಡಿಸಿದವನು ಅಡಾಲ್ಫ್ ಜೀಗ್ಲರ್, ಅವನೂ ಚಿತ್ರಕಾರನೇ. 1941ರಲ್ಲಿ ಬೌಮೈಸ್ಟರ್ ಸುಮ್ನೆ ಒಂದು ಪೋಸ್ಟ್‌ಕಾರ್ಡ್ ತಗೊಂಡರು. ಅದರ ಮೇಲೆ ಜೀಗ್ಲರ್ ಬರೆದ ನಗ್ನ ದೇವತೆ ಇದ್ದಳು. ಆಕೆಯ ಮೇಲೆ ತಮ್ಮ ಗೆರೆ ಎಳೆದರು. ಬೌಮೈಸ್ಟರ್ ತಮ್ಮ ಚಿತ್ರಗಳನ್ನು ಪ್ರದರ್ಶಿಸಬಾರದು ಎಂದು ನಿಷೇಧ ಬಂದಿದ್ದೂ ಅದೇ ವರ್ಷ. ಅಂಥ ಕಾಲದಲ್ಲಿ ಸಿಕ್ಕಿಬಿದ್ದರೆ ಗತಿ ಏನು, ಅಲ್ವಾ? ನನಗಂತೂ ಅವರ ದೊಡ್ಡ ಕ್ಯಾನ್ವಾಸುಗಳಿಗಿಂತ ಈ ಕಾರ್ಡೇ ಜಾಸ್ತಿ ಇಷ್ಟ. ಹೊಟ್ಟೆಪಾಡಿಗೆ ಆಗ ವುಪ್ಪರ್ಟಾಲ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ. ಗೆಳೆಯ, ಚಿತ್ರಕಾರ ಓಸ್ಕರ್ ಶ್ಲೆಮ್ಮರ್ ಕೂಡ ಅಲ್ಲೇ ಇದ್ದರು.

ಯುದ್ಧ ಮುಗಿದ ಮೇಲೆ 1946ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಪ್ರೊಫೆಸರ್ ಆದರು. ನಿಮ್ಮ ಕಣ್ಣು ಮೂಗಿನ ತಕರಾರು ಅವರಿಗೆ ಹೊಸದಲ್ಲ. 1950ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಹಾನ್ಸ್ ಸೇಡ್ಲ್‌ಮಾಯರ್ ಎಂಬ ವಿದ್ವಾಂಸ ಹೊಸ ಕಲೆಯನ್ನೇ ಜರೆದಾಗ, ಎದುರು ನಿಂತು ವಾದಿಸಿದವರಲ್ಲಿ ಇವರೂ ಒಬ್ಬರು.

ಇನ್ನು ಅಚ್ಚಿನ ಮಾತು. ಲುಯಿಟ್‌ಪೋಲ್ಡ್ ಡೊಂಬರ್ಗರ್ ಎಂಬ ಮುದ್ರಕರ ಜೊತೆ ಬೌಮೈಸ್ಟರ್ ಮಾಡಿದ್ದು ಸ್ಕ್ರೀನ್ ಪ್ರಿಂಟಿಂಗ್, ನಮ್ಮ ಲಗ್ನಪತ್ರಿಕೆಗೆ ಮಾಡ್ತಾರಲ್ಲ, ಅದೇ. ಚೌಕಟ್ಟಿಗೆ ಬಿಗಿದ ಬಟ್ಟೆ, ರಬ್ಬರ್ ಪಟ್ಟಿ, ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಯಾವ ಬಣ್ಣ ಮೊದಲು, ಯಾವುದು ಅದರ ಮೇಲೆ ಕೂರಬೇಕು ಎಂದು ಯೋಚಿಸಿಯೇ ಚಿತ್ರ ಹುಟ್ಟುತ್ತದೆ. ಹಾಗಾಗಿ ಅಲ್ಲಿ ಪ್ರತಿಯೇ ಮೂಲ.

ಕೊನೆಯ ವರ್ಷಗಳ 'ಮೊಂಟಾರು' ಚಿತ್ರಗಳಲ್ಲಿ ದೊಡ್ಡ ಕಪ್ಪು ಆಕಾರವೊಂದು ಕ್ಯಾನ್ವಾಸ್ ತುಂಬ ಹರಡಿಕೊಂಡಿದೆ. ಬಣ್ಣದ ಚೂರುಗಳೆಲ್ಲ ಅಂಚಿನಲ್ಲಿ. 1955ರ ಆಗಸ್ಟ್ 31ರಂದು ಸ್ಟುಟ್‌ಗಾರ್ಟ್‌ನಲ್ಲೇ ತೀರಿಕೊಂಡರು.

ಒಂದು ತಪ್ಪು ಮಾತ್ರ ನಮ್ಮದು. ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಹಾಕಿದ್ದೆವು, ಬಾಚಣಿಗೆಯ ಗೆರೆಗಳೆಲ್ಲ ಮಸಿಯಲ್ಲಿ ಮುಚ್ಚಿಹೋದವು. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪುಟಕ್ಕೆ ಹಾಕುತ್ತೇವೆ. ನೋಡಿ, ಆಮೇಲೆ ಇನ್ನೊಂದು ಕಾಗದ ಬರೆಯಿರಿ.

– ಸಂಪಾದಕ