3 ಲಕ್ಷದ ಆರೋಗ್ಯ ವಿಮೆ ಇದ್ದರೂ ಬಿಲ್ ಪೂರ್ತಿ ಯಾಕೆ ಸಿಗಲ್ಲ?

ಹಲವು ಸಲ ಕಾರಣ ರೂಮ್ ಬಾಡಿಗೆಯ ಮಿತಿ. ಎಷ್ಟೋ ಪಾಲಿಸಿಗಳ ಒಳಪುಟದಲ್ಲಿ ‘ದಿನಕ್ಕೆ ವಿಮಾ ಮೊತ್ತದ 1%’ ಎಂದು ಒಂದೇ ಸಾಲು ಇರುತ್ತದೆ. 3 ಲಕ್ಷಕ್ಕೆ ಅದು 3,000 ರೂಪಾಯಿ.

ನೀವು 6,000ದ ರೂಮ್ ತಗೊಂಡಿರಿ ಅಂದ್ಕೊಳ್ಳಿ. ಬಾಡಿಗೆಯ ವ್ಯತ್ಯಾಸ ಕೊಟ್ಟರೆ ಸಾಕು ಅನ್ನಿಸುತ್ತೆ, ಅಲ್ವಾ? ಆದರೆ ಹಲವು ಪಾಲಿಸಿಗಳಲ್ಲಿ ಡಾಕ್ಟರ್ ಫೀಸ್, ಆಪರೇಷನ್ ಥಿಯೇಟರ್ ಖರ್ಚಿಗೆ ಕಂಪನಿ ಕೊಡುವ ಹಣ ಕೂಡ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾರಣ, ಎಷ್ಟೋ ಆಸ್ಪತ್ರೆಗಳಲ್ಲಿ ರೂಮ್ ದುಬಾರಿಯಾದಷ್ಟೂ ಅದೇ ಆಪರೇಷನ್‌ಗೆ ದರ ಜಾಸ್ತಿ. ಆ ಹೆಚ್ಚಿನ ಹೊರೆಯನ್ನು ಕಂಪನಿ ಹೊರುವುದಿಲ್ಲ. ಔಷಧಿ ಖರ್ಚಿಗೆ ಈ ಕಡಿತ ಇಲ್ಲ.

ಇದು ಯಾಕೆ ಕಣ್ಣಿಗೆ ಬೀಳಲ್ಲ? ಕೊಳ್ಳುವಾಗ ನಾವು ನೋಡುವುದು ಎರಡೇ ಅಂಕಿ: ಕವರ್ ಎಷ್ಟು, ಪ್ರೀಮಿಯಂ ಎಷ್ಟು. ಮಿತಿ ರೂಪಾಯಿಯಲ್ಲಿರದೆ ಶೇಕಡಾದಲ್ಲಿದ್ದರೆ ಬೆಲೆಯ ಹಾಗೆ ಕಾಣುವುದೇ ಇಲ್ಲ. ಅಡ್ಮಿಟ್ ಮಾಡುವ ಗಾಬರಿಯಲ್ಲಿ ಯಾರೂ ಲೆಕ್ಕ ಹಾಕಲ್ಲ, ಪಾಪ.

ಹೊಸ ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಅದನ್ನು ವಾಪಸ್ ಕೊಡಬಹುದು. ಅಷ್ಟರಲ್ಲಿ ‘ರೂಮ್ ರೆಂಟ್’ ಎಂಬ ಸಾಲು ಹುಡುಕಿ, ಪಕ್ಕದಲ್ಲೇ ರೂಪಾಯಿ ಲೆಕ್ಕ ಬರೆದಿಡಿ.