ತಿರುಗುವ ಕುರ್ಚಿಗೆ ಭಾರದ ಡಂಬೆಲ್ ಬೇಡ, ಬುಡ ಸರಿಮಾಡಿ

ಮೇಷ್ಟ್ರೇ, ನಿಮ್ಮ ವಿಡಿಯೋ ನೋಡಿದೆ. ತಿರುಗುವ ಕುರ್ಚಿಯಲ್ಲಿ ಕೂತ ಹುಡುಗ ಚಾಚಿದ ಕೈಯಲ್ಲಿದ್ದ ಡಂಬೆಲ್ ಎದೆಗೆ ಎಳೆದುಕೊಂಡರೂ ಕುರ್ಚಿ ಜೋರಾಗಲಿಲ್ಲ, ಎರಡು ಸುತ್ತಿಗೇ ನಿಂತಿತು, ಅದಕ್ಕೆ ಐದೈದು ಕೆಜಿಯದ್ದು ತರಿಸುತ್ತೇನೆ ಅಂದಿದ್ದೀರಿ. ದಯವಿಟ್ಟು ತರಿಸಬೇಡಿ. ನಾನೂ ಮೊದಲು ಭಾರವನ್ನೇ ಏರಿಸುತ್ತಾ ಹೋಗಿದ್ದೆ. ಹೊರಗಿನ ಟಾರ್ಕ್ (ಸುತ್ತನ್ನು ಏರಿಸುವ ಅಥವಾ ತಡೆಯುವ ತಿರುಚು) ಇಲ್ಲದಿದ್ದರೆ ತಾನೇ ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ಸಂವೇಗ, ಉಳಿಯೋದು? ಅದು ಉಳಿದರೆ ತಾನೇ ಭಾರ ಒಳಗೆ ಬಂದಾಗ ವೇಗ ಏರೋದು? ಆಫೀಸ್ ಕುರ್ಚಿಯ ಬುಡದಲ್ಲಿ ಘರ್ಷಣೆಯೇ ಎಲ್ಲವನ್ನೂ ತಿಂದುಹಾಕುತ್ತದೆ. ಸಾಲದ್ದಕ್ಕೆ ಕಾಲಿನ ಗಾಲಿಗಳು ಬೇರೆ ಜಾರುತ್ತವೆ, ಮಕ್ಕಳು ಬೀಳುತ್ತಾರೆ.

ನನಗೆ ಕೈಹಿಡಿದದ್ದು ಟ್ರಾಕ್ಟರ್ ಟ್ರೈಲರ್‌ನ ಹಳೇ ಹಬ್, ಅಂದರೆ ಆಕ್ಸಲ್ (ಅಚ್ಚು) ಸುತ್ತ ತಿರುಗುವ, ಚಕ್ರ ಕೂರಿಸುವ ನಡುಭಾಗ. ಗುಜರಿಯಲ್ಲಿ ಆಕ್ಸಲ್ ತುಂಡಿನ ಸಮೇತ ಕೇಳಿ. ಆಕ್ಸಲನ್ನು ನೆಟ್ಟಗೆ ನಿಲ್ಲಿಸಿ ದಪ್ಪ, ಅಗಲದ ಪ್ಲೇಟಿಗೆ ವೆಲ್ಡ್ ಮಾಡಿಸಿ, ಹಬ್ ಮೇಲೆ 18 ಎಂಎಂ ಪ್ಲೈವುಡ್ ಬೋಲ್ಟ್ ಮಾಡಿ. ಒಳಗೆ ಎರಡು ಟೇಪರ್ ರೋಲರ್ ಬೇರಿಂಗ್ (ಓರೆ ಉರುಳೆಗಳ ಬೇರಿಂಗ್) ಇರುತ್ತವೆ, ದೊಡ್ಡವರು ಕೂತರೂ ಅಲುಗಾಡುವುದಿಲ್ಲ. ಆದರೆ ಹಳೇ ಗ್ರೀಸ್ ಹಾಗೇ ಬಿಟ್ಟರೆ ಎಲ್ಲಾ ದಂಡ. ಡೀಸೆಲ್‌ನಲ್ಲಿ ಪೂರ್ತಿ ತೊಳೆದು, ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಬಿಡಿ, ಸಾಕು. ಆಯಿಲ್ ಸೀಲ್ ಕಿತ್ತುಹಾಕಿ, ಅದರ ರಬ್ಬರ್ ಆಕ್ಸಲನ್ನು ಕಚ್ಚಿಕೊಂಡಿರುತ್ತದೆ. ನಟ್ ಬಿಗಿಮಾಡಿ, ಆಮೇಲೆ ಒಂಚೂರು ಸಡಿಲಿಸಿ, ನಟ್ ಕಳಚದಂತೆ ಕಾಟರ್ ಪಿನ್ ಹಾಕಿ. ಬೇರಿಂಗ್ ಬದಲಿಸುವುದಾದರೆ ಎಸ್‌ಕೆಎಫ್ ಅಥವಾ ಎನ್‌ಬಿಸಿ ಕಂಪನಿಯದ್ದು ತಗೊಳ್ಳಿ, ಹೆಸರಿಲ್ಲದ ಅಗ್ಗದ್ದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಕೊನೆಗೆ ಹಲಗೆ ಮೇಲೆ ರಸಮಟ್ಟ ಇಟ್ಟು ನೋಡಿ. ಬುಡ ಓರೆಯಿದ್ದು ಹುಡುಗ ನಟ್ಟನಡುವೆ ಕೂರದಿದ್ದರೆ, ಪ್ರತಿ ಸಲವೂ ತಗ್ಗಿನ ಕಡೆಗೇ ಬಂದು ನಿಲ್ಲುತ್ತದೆ.

ಇಷ್ಟಾದರೆ ಎರಡೆರಡು ಕೆಜಿಯದ್ದೇ ಧಾರಾಳ. 70 ಸೆಂ.ಮೀ. ದೂರದಲ್ಲಿ ಆ ಜೋಡಿಯ ಮೊಮೆಂಟ್ ಆಫ್ ಇನರ್ಷಿಯಾ (ಸುತ್ತುವಿಕೆ ಬದಲಾಗುವುದಕ್ಕೆ ಒಡ್ಡುವ ಜಡತ್ವ) 1.96 ಕೆಜಿ-ಚದರ ಮೀಟರ್, 20 ಸೆಂ.ಮೀ.ಗೆ ಬಂದರೆ ಬರೀ 0.16. ಹುಡುಗ, ಹಲಗೆ ಸೇರಿ 1.2 ಅಂತ ಹಿಡಿದರೂ ವೇಗ ಎರಡು ಪಟ್ಟು ದಾಟುತ್ತದೆ. ಅದಕ್ಕೇ ಜೋರಾಗಿ ತಳ್ಳಬೇಡಿ, ಎರಡು ಸೆಕೆಂಡಿಗೆ ಒಂದು ಸುತ್ತು ಬಂದರೆ ಸಾಕು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ವಿಡಿಯೋದಲ್ಲಿ "ಶಕ್ತಿ ಅಷ್ಟೇ ಇರುತ್ತದೆ" ಅಂದಿದ್ದೀರಿ, ಅದು ತಪ್ಪು. ಚಲನಶಕ್ತಿಯೂ ಎರಡು ಪಟ್ಟು ದಾಟುತ್ತದೆ. ಕೈ ಒಳಗೆಳೆಯುವಾಗ ಹುಡುಗನ ತೋಳು ಮಾಡುವ ಕೆಲಸ ಅದು. ಎಳೆಯುವಾಗ ಎಷ್ಟು ಬಿಗಿಯಿತ್ತು ಅಂತ ಅವನನ್ನೇ ಕೇಳಿ. ಮಕ್ಕಳಿಗೆ ತಪ್ಪು ಹೇಳಿಕೊಟ್ಟರೆ ಪಿಯುಸಿಯಲ್ಲಿ ಒದ್ದಾಡುತ್ತಾರೆ.

ಕೂತು, ತಿರುಗುತ್ತಿರುವ ಸೈಕಲ್ ಚಕ್ರ ಹಿಡಿದು ತಲೆಕೆಳಗೆ ಮಾಡುವ ಪ್ರಯೋಗಕ್ಕೂ ಇದೇ ಹಲಗೆ ಆಗುತ್ತದೆ. ಚಕ್ರದ ಆಕ್ಸಲ್‌ನ ಎರಡೂ ತುದಿಗೆ ಉದ್ದದ ಹಿಡಿ ಹಾಕಿ, ಕಡ್ಡಿಗೆ ಬೆರಳು ಸಿಗಬಾರದು. ಉದ್ದ ಕೂದಲು, ದುಪಟ್ಟಾ ಇದ್ದರೆ ಮೊದಲೇ ಕಟ್ಟಿಸಿ.

ಡಂಬೆಲ್ ಬದಲು ಎರಡು ಮರಳಿನ ಚೀಲ ಕೊಟ್ಟೂ ನೋಡಿ. ಕೈ ಚಾಚಿಕೊಂಡೇ ಸುತ್ತುವಾಗ ಅವನ್ನು ಕೈಬಿಟ್ಟರೆ ವೇಗ ಏನಾಗುತ್ತದೆ ಅಂತ ತರಗತಿಗೆ ಮೊದಲೇ ಕೇಳಿ. ಜಾಸ್ತಿಯಾಗುತ್ತೆ ಅನ್ನುವವರೇ ಹೆಚ್ಚು. ಆಗುವುದಿಲ್ಲ. ಚೀಲಗಳು ತಮ್ಮ ಪಾಲಿನ ಸಂವೇಗ ತಗೊಂಡೇ ಹೋಗುತ್ತವೆ. ಹೋಗುವುದೂ ಬಿಟ್ಟ ಜಾಗದಿಂದ, ಆಗ ಕೈ ಸಾಗುತ್ತಿದ್ದ ದಿಕ್ಕಿಗೇ ನೇರಕ್ಕೆ, ಹಾಗಾಗಿ ಮುಂದಿನ ಸಾಲನ್ನು ಸ್ವಲ್ಪ ಹಿಂದೆ ಕೂರಿಸಿ.