ಕಥೆಯಲ್ಲಿ ರೂಪಕ ಕೃತಕ ಅನ್ನಿಸದಂತೆ ಬಳಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಕಥೆಯಲ್ಲಿ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಮಗ ಮನೆ ಬಿಟ್ಟು ಹೋದ ಮೇಲೆ ಮಾತಾಡುವುದನ್ನೇ ನಿಲ್ಲಿಸುತ್ತಾರೆ, ಕೊನೆಗೆ ಮತ್ತೆ ಮಾತಾಡುತ್ತಾರೆ. ಕಥೆ ಹೇಳುವವಳು ಅವರ ಮಗಳು. ಅಲ್ಲಿ ನೀವು ಬರೆದ ಸಾಲು: "ಅಪ್ಪನ ಮೌನದ ಗೋಡೆಯೊಳಗೆ ನೋವಿನ ಅಲೆಗಳು ಉರಿಯುತ್ತಿದ್ದವು." ಓದಿದವರು ಕೃತಕವಾಗಿದೆ ಎಂದರು. ಯಾಕೆ ಹಾಗೆಂದರು, ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸ ಬರೆಯುವವರಿಗೆ ಯಾವ ಉಪಯೋಗಕ್ಕೆ ಬರುತ್ತದೆ, ಕಥೆಯಲ್ಲಿ ಎಷ್ಟು ರೂಪಕ ಇರಬಹುದು ಎಂದು ಕೇಳಿದ್ದೀರಿ.

ಆ ಸಾಲು ಕೆಟ್ಟಿರುವುದು ಕೊನೆಯ ಪದದಲ್ಲಿ. ಗೋಡೆ ನಿಲ್ಲುತ್ತದೆ, ಬಿರುಕು ಬಿಡುತ್ತದೆ, ಕುಸಿಯುತ್ತದೆ. ಅಲೆ ಏಳುತ್ತದೆ, ಬಡಿಯುತ್ತದೆ, ಹಿಂದೆ ಸರಿಯುತ್ತದೆ. ಉರಿಯುವುದು ಇವೆರಡೂ ಅಲ್ಲ. ಓದುಗ ಗೋಡೆಯನ್ನು ಕಣ್ಣ ಮುಂದೆ ತಂದುಕೊಳ್ಳುವಷ್ಟರಲ್ಲಿ ನೀರು ಬಂತು, ನೀರನ್ನು ಕಾಣುವಷ್ಟರಲ್ಲಿ ಬೆಂಕಿ ಬಂತು. ಐದಾರು ಪದಗಳಲ್ಲಿ ಮೂರು ಚಿತ್ರ, ಒಂದೂ ನಿಲ್ಲಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ, ಹಾಗಾಗಿ ರೂಪಕದ ತೀರ್ಪೂ ಅಲ್ಲೇ. ನಾಮಪದಗಳನ್ನು ಎಷ್ಟು ಚೆನ್ನಾಗಿ ಆರಿಸಿದರೂ ಕ್ರಿಯಾಪದ ಒಪ್ಪದಿದ್ದರೆ ರೂಪಕ ಬಿದ್ದುಹೋಗುತ್ತದೆ.

ಇದು ಹೊಸ ಮಾತೇನಲ್ಲ, ಹಳೆಯ ಅಲಂಕಾರಶಾಸ್ತ್ರದವರು ಇದನ್ನು ಬಹಳ ನಿಖರವಾಗಿ ಗಮನಿಸಿದ್ದರು. ಶಾಲೆಯಲ್ಲಿ ನಾವು ಕಲಿತದ್ದು ಇಷ್ಟು: ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಸಮಾನಧರ್ಮ (ಎರಡಕ್ಕೂ ಇರುವ ಒಂದೇ ಗುಣ), ಉಪಮಾವಾಚಕ ('ಅಂತೆ', 'ಹಾಗೆ' ಎಂಬಂಥ ಹೋಲಿಕೆಯ ಪದ) ಎಂಬ ನಾಲ್ಕೂ ಇದ್ದರೆ ಪೂರ್ಣೋಪಮೆ, ಉಪಮೇಯ ಉಪಮಾನಗಳು ಬೇರೆಯಲ್ಲ, ಒಂದೇ ಎಂದರೆ ರೂಪಕ. ಈಗ 'ಮುಖಕಮಲ' ಎಂಬ ಸಮಾಸ ತೆಗೆದುಕೊಳ್ಳಿ. ಇದು ಉಪಮೆಯೋ ರೂಪಕವೋ? ಪದವನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ. "ಮುಖಕಮಲ ಅರಳಿತು" ಎಂದರೆ ಅರಳುವುದು ಹೂವಿನ ಕೆಲಸ, ಕಮಲ ಗೆದ್ದಿತು, ಇದು ರೂಪಕ. "ಮುಖಕಮಲ ನಕ್ಕಿತು" ಎಂದರೆ ನಗುವುದು ಮುಖದ ಕೆಲಸ, ಮುಖ ಗೆದ್ದಿತು, ಇದು ಉಪಮೆ. ಎರಡು ಸಾಲಿನಲ್ಲೂ ಸಮಾಸ ಅದೇ. ಬದಲಾದದ್ದು ಕ್ರಿಯಾಪದ ಮಾತ್ರ.

ನಿಮಗೆ ಇದರಿಂದ ಆಗುವ ನೇರ ಉಪಯೋಗ ಹೇಳುತ್ತೇನೆ. ರೂಪಕ ಹೊಳೆದ ತಕ್ಷಣ ಆ ವಸ್ತು ಏನೇನು ಮಾಡುತ್ತದೆ, ಅದಕ್ಕೆ ಏನೇನು ಆಗುತ್ತದೆ ಎಂದು ಪಕ್ಕದ ಹಾಳೆಯಲ್ಲಿ ಐದಾರು ಕ್ರಿಯಾಪದ ಬರೆದುಕೊಳ್ಳಿ. ಅವುಗಳಲ್ಲಿ ಒಂದು ನಿಮ್ಮ ಪಾತ್ರಕ್ಕೆ ಸರಿಯಾಗಿ ಹೊಂದಿದರೆ ನಾಮಪದವನ್ನೇ ಕೈಬಿಡಬಹುದು. "ಅಪ್ಪನ ಕೋಪ ಬೆಂಕಿಯಾಗಿತ್ತು" ಎನ್ನುವುದಕ್ಕಿಂತ "ಅಪ್ಪ ಮೂರು ದಿನ ಹೊಗೆಯಾಡಿದರು" ಎನ್ನುವುದು ಗಟ್ಟಿ. ಬೆಂಕಿ ಎಂಬ ಪದವೇ ಇಲ್ಲ, ಆದರೂ ಬೆಂಕಿ ಇದೆ, ಅದೂ ಹೊತ್ತಿಕೊಳ್ಳದ ಬೆಂಕಿ.

ಮೇಲಿನ 'ಬೆಂಕಿಯಾಗಿತ್ತು' ಎಂಬಲ್ಲಿ ಇನ್ನೊಂದು ತೊಡಕೂ ಇದೆ. ಕನ್ನಡದಲ್ಲಿ "ಅವನು ಹುಲಿ" ಎಂದರೆ ಸಾಕು, ವಾಕ್ಯ ಪೂರ್ಣವಾಯಿತು. ನಡುವೆ ಏನೂ ಬೇಡವಾದ್ದರಿಂದ ನಮ್ಮ ಭಾಷೆಯಲ್ಲಿ ರೂಪಕ ಬಹಳ ಹಗುರವಾಗಿ ಕೂರುತ್ತದೆ. ಅದಕ್ಕೆ 'ಆಗಿದ್ದಾನೆ', 'ಆಗಿದೆ' ಸೇರಿಸಿದರೆ ("ಅವನು ಹುಲಿಯಾಗಿದ್ದಾನೆ", "ಮೌನ ಗೋಡೆಯಾಗಿದೆ") ಅದು ಅನುವಾದದ ವಾಸನೆ ಹೊಡೆಯುತ್ತದೆ, ಇಲ್ಲವೇ ನಿನ್ನೆವರೆಗೆ ಹುಲಿಯಾಗಿರಲಿಲ್ಲ ಎಂಬ ಬೇಡದ ಅರ್ಥ ಕೊಡುತ್ತದೆ. ಆ ಬದಲಾವಣೆಯನ್ನೇ ಹೇಳಬೇಕಾದಾಗ ಮಾತ್ರ 'ಆಗು' ಬಳಸಿ.

ಉಪಮೆಯಲ್ಲೂ ಹೀಗೆಯೇ ಒಂದು ಗುಂಡಿ ಇದೆ. "ಅವನು ಹುಲಿಯಂತೆ" ಎಂದು ವಾಕ್ಯ ಮುಗಿಸಿದರೆ ಅವನು ಹುಲಿ ಎಂದು ಯಾರೋ ಹೇಳಿದರು ಎಂದೂ ಓದಿಕೊಳ್ಳಬಹುದು. 'ಅಂತೆ' ಹೋಲಿಕೆಗೂ ಬರುತ್ತದೆ, ಕೇಳಿದ ಸುದ್ದಿಗೂ ಬರುತ್ತದೆ. ಅದನ್ನು ಸಾಲಿನ ತುದಿಯಲ್ಲಿ ಬಿಡಬೇಡಿ. "ಹುಲಿಯಂತೆ ಎಗರಿದ" ಎಂದು ಮುಂದೆ ಕ್ರಿಯಾಪದ ಇಡಿ, ಇಲ್ಲವೇ 'ಹುಲಿಯ ಹಾಗೆ', 'ಹುಲಿಯಂಥವನು' ಎನ್ನಿ.

ಉಪಮೆ ಯಾವಾಗ, ರೂಪಕ ಯಾವಾಗ? ನಾನು ಇಟ್ಟುಕೊಂಡಿರುವ ಅಳತೆ ಸರಳ. ಎರಡು ವಸ್ತುಗಳು ಒಂದೇ ಒಂದು ಕಡೆ ತಾಗುತ್ತಿದ್ದರೆ ಉಪಮೆ ಸಾಕು. ಬಣ್ಣ, ಸದ್ದು, ಆಕಾರ, ವೇಗಗಳೆಲ್ಲ ಹೆಚ್ಚಾಗಿ ಇಲ್ಲಿಗೆ ಸೇರುತ್ತವೆ. ಇಡೀ ಸಂಬಂಧವೇ ಹೊಂದುತ್ತಿದ್ದರೆ ಮಾತ್ರ ರೂಪಕಕ್ಕೆ ಕೈ ಹಾಕಿ, ಯಾಕೆಂದರೆ ರೂಪಕ ವಸ್ತುವಿನ ಜೊತೆಗೆ ಅದರ ಸಂಸಾರವನ್ನೂ ಕರೆತರುತ್ತದೆ. ಒಂದೇ ಕಡೆ ತಾಗುವ ಹೋಲಿಕೆ ಎಷ್ಟು ಚೂಪಾಗಿರಬಹುದು ಎಂಬುದಕ್ಕೆ 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಉದಾಹರಣೆ ಇದೆ. ಸಂಸ್ಕೃತ, ಕನ್ನಡ ಪದಗಳನ್ನು ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ರಸ ಕೆಡುತ್ತದೆ ಎನ್ನುತ್ತದೆ ಆ ಗ್ರಂಥ. ವ್ಯಾಕರಣದ ನಿಯಮ, ಅಡುಗೆಮನೆಯ ಚಿತ್ರ. ಹಾಲೂ ಕೆಟ್ಟದ್ದಲ್ಲ, ಮಜ್ಜಿಗೆಯೂ ಕೆಟ್ಟದ್ದಲ್ಲ, ಬೆರೆಸಿದ ಹೊತ್ತು ಕೆಟ್ಟದ್ದು. ಹನಿಯಷ್ಟೇ ಬಿದ್ದರೂ ಪಾತ್ರೆಯೆಲ್ಲ ಒಡೆಯುತ್ತದೆ. ಹೇಳಬೇಕಾದ ಸಮಾನಧರ್ಮ ಅಷ್ಟೇ, ಅದಕ್ಕಿಂತ ಹೆಚ್ಚಿನದನ್ನು ಆ ಹೋಲಿಕೆ ಹೊತ್ತು ತರುವುದಿಲ್ಲ.

ನಿಮ್ಮ ಸಾಲಿಗೆ ಮರಳೋಣ. 'ಮೌನದ ಗೋಡೆ', 'ನೋವಿನ ಅಲೆ' ಎರಡೂ ಷಷ್ಠಿ ವಿಭಕ್ತಿಯ ರೂಪಕಗಳು: ಭಾವದ ಹೆಸರು, ಅದಕ್ಕೊಂದು 'ಇನ' ಅಥವಾ 'ಅದ', ಆಮೇಲೆ ಒಂದು ವಸ್ತು. ನೆನಪಿನ ಬುತ್ತಿ, ಕನಸಿನ ಮೂಟೆ, ಬದುಕಿನ ಬಂಡಿ, ದುಃಖದ ಕಡಲು ಎಲ್ಲವೂ ಇದೇ ಅಚ್ಚಿನವು. ಕನ್ನಡದಲ್ಲಿ ಅತಿ ಸುಲಭವಾಗಿ ಸಿಗುವ ರೂಪಕ ಇದು, ಹಾಗಾಗಿ ಅತಿ ಬೇಗ ಸವೆಯುವುದೂ ಇದೇ. ಒಂದು ಕಥೆಯ ಕರಡಿನಲ್ಲಿ ಇಂಥವಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿ, ಒಂದೆರಡು ಬಿಟ್ಟು ಉಳಿದದ್ದನ್ನು ಹೊಡೆದು ಹಾಕಬಹುದು. ಉಳಿಸಿಕೊಳ್ಳುವುದಕ್ಕೆ ಜೀವ ತುಂಬಲು ಒಂದು ದಾರಿ ಇದೆ: ಆ ವಸ್ತುವಿಗೆ ನಿಜವಾಗಿ ಆಗುವ, ಆದರೆ ಯಾರೂ ಹೇಳದ ಒಂದು ಸಂಗತಿಯನ್ನು ಹೇಳಿ. ಬುತ್ತಿಯನ್ನು ಎಲ್ಲರೂ ಬಿಚ್ಚುತ್ತಾರೆ. ಬುತ್ತಿ ಹಳಸುವುದೂ ಉಂಟು. "ನೆನಪಿನ ಬುತ್ತಿ ಕಟ್ಟಿಕೊಂಡು ಹೋಗಿದ್ದ, ಊರು ತಲುಪುವಷ್ಟರಲ್ಲಿ ಹಳಸಿತ್ತು." ಸವೆದ ಮಾತು ಈಗ ಕೆಲಸ ಮಾಡುತ್ತಿದೆ.

ಪೂರ್ತಿ ಸವೆದು ನಿತ್ಯದ ಮಾತಾಗಿ ಹೋದವುಗಳ ಬಗ್ಗೆ ಹೆದರಬೇಕಾಗಿಲ್ಲ. ಹೊಟ್ಟೆಕಿಚ್ಚು, ಗಾಳಿಮಾತು, ಮೂಲೆಗುಂಪು ಇವೆಲ್ಲ ಈಗ ಬರೀ ಪದಗಳು. ಆದರೆ ಹತ್ತಿರದಲ್ಲಿ ಅವುಗಳ ಮೂಲವಸ್ತು ಬಂದರೆ ಅವು ಎದ್ದು ಕೂರುತ್ತವೆ. ಮಾತಿನ 'ಚಕಮಕಿ'ಯಲ್ಲಿ ಕಿಡಿ ಹಾರಿಸುವ ಕಲ್ಲಿದೆ. 'ಹಾಸುಹೊಕ್ಕು' ಮಗ್ಗದ ಮಾತು: ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ನೂಲು ಹೊಕ್ಕು. ಇಳಕಲ್ಲಿನ ನೇಕಾರರ ಮನೆಯ ಕಥೆಯಲ್ಲಿ "ಸಾಲ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ" ಎಂದು ಬೇಗಬೇಗ ಬರೆದು ಮುಂದೆ ಹೋದರೆ ಅನ್ಯಾಯ. ಅಲ್ಲಿ ಆ ಪದಕ್ಕೆ ನಿಜವಾದ ನೂಲು ಇದೆ. "ಹಾಸು ಅಪ್ಪನ ಸಾಲ, ಹೊಕ್ಕು ನನ್ನದು" ಎಂದರೆ ಎರಡು ತಲೆಮಾರು ಒಂದೇ ಬಟ್ಟೆಯಲ್ಲಿ ಬಂತು.

ಚಿತ್ರವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ: ಕಥೆ ಹೇಳುವವರ ಕೈಗೆ ದಿನಾ ಸಿಗುವ ವಸ್ತುಗಳಿಂದ. ನಿಮ್ಮ ನಿರೂಪಕಿ ರೇಷ್ಮೆ ಬೆಳೆಗಾರರ ಮನೆಯ ಮಗಳು. ಅವಳ ಬಾಯಲ್ಲಿ ಕಡಲ ಅಲೆ ಯಾಕೆ ಬರಬೇಕು? "ಇದು ಮಂಜುಗಡ್ಡೆಯ ತುದಿ ಮಾತ್ರ" ಎಂಬಂಥ ಪತ್ರಿಕೆಯ ಮಾತಂತೂ ಅವಳ ಮನೆಯ ಹೊಸ್ತಿಲು ದಾಟಿ ಬರಲಾರದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ರೇಷ್ಮೆ ಎಂದ ಕೂಡಲೇ ಬರೆಯುವವರಿಗೆ ಹೊಳೆಯುವುದು ಗೂಡು: ಅಪ್ಪ ತನ್ನ ಸುತ್ತ ಗೂಡು ಕಟ್ಟಿಕೊಂಡರು, ಒಂದು ದಿನ ರೆಕ್ಕೆ ಬಿಚ್ಚಿ ಹೊರಬಂದರು. ಪಾಠಪುಸ್ತಕದ ಚಿಟ್ಟೆಗೆ ಇದು ಸರಿ. ರೇಷ್ಮೆ ಸಾಕುವವರ ಮನೆಯಲ್ಲಿ ಇದರ ಅರ್ಥ ತಲೆಕೆಳಗು. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಒಳಗಿನ ಹುಳು ಹೊರಬರುವ ಮೊದಲೇ ಬಿಸಿಗೆ ಸಾಯುತ್ತದೆ, ಆಮೇಲೆ ನೂಲು ಬಿಚ್ಚುತ್ತಾರೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ಎಳೆ ಕಡಿಯದೆ ನೂಲು ತೆಗೆಯಲು ಬರುವುದಿಲ್ಲ, ಬೆಳೆಗಾರನಿಗೆ ಅದು ಕೆಟ್ಟ ಗೂಡು. ಈ ಮಗಳು "ಅಪ್ಪ ಗೂಡು ಕಟ್ಟಿಕೊಂಡರು" ಎಂದರೆ ಕಸುಬು ಬಲ್ಲ ಓದುಗ "ಇನ್ನು ಇವರು ಹೊರಗೆ ಬರುವುದಿಲ್ಲ" ಎಂದು ಓದಿಕೊಳ್ಳುತ್ತಾನೆ. ನಿಮ್ಮ ಕಥೆ ಹಾಗೆ ಮುಗಿಯುವುದಾದರೆ ಅದಕ್ಕಿಂತ ಒಳ್ಳೆಯ ರೂಪಕ ಇಲ್ಲ. ಆದರೆ ನಿಮ್ಮ ಕಥೆಯಲ್ಲಿ ಅಪ್ಪ ಕೊನೆಗೆ ಮಾತಾಡುತ್ತಾರೆ ಎಂದು ಬರೆದಿದ್ದೀರಿ. ಹಾಗಾಗಿ ಗೂಡು ಬೇಡ.

ಬದಲಿಗೆ 'ಜ್ವರ' ನೋಡಿ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚುತ್ತದೆ, ಅದನ್ನು ಬೆಳೆಗಾರರು ಜ್ವರ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಒಂದು ದಿನದಷ್ಟು ಹೊತ್ತು ಅಲ್ಲಾಡದೆ ಇರುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಿ ತೊಂದರೆ ಕೊಡಬಾರದು. ಎದ್ದ ಮೇಲೆ ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ಮಾತು, ಊಟ ಬಿಟ್ಟು ಕೂತ ಅಪ್ಪನಿಗೆ ಇದು ಎಷ್ಟು ಕಡೆ ಹೊಂದುತ್ತದೆ ನೋಡಿ: ಕದಲದಿರುವುದು, ತಿನ್ನದಿರುವುದು, ಸುತ್ತಲಿನವರು ಕಾಯಬೇಕಾಗಿರುವುದು, ಕೊನೆಗೆ ಏಳುವುದು. ಇಡೀ ಸಂಬಂಧ ಹೊಂದುತ್ತಿದೆ, ಹಾಗಾಗಿ ಇದು ರೂಪಕದ ಜಾಗ.

ಆದರೆ ಧಾರವಾಡದ ಓದುಗನಿಗೆ ಹುಳುವಿನ ಜ್ವರ ಗೊತ್ತಿರಬೇಕಲ್ಲ? ರೂಪಕದ ಜೊತೆಗೇ ವಿವರಣೆ ಕೊಟ್ಟರೆ ಎರಡೂ ಹಾಳು. ಎರಡು ಪುಟ ಮೊದಲೇ ಅದನ್ನು ಬರೀ ಕೆಲಸವಾಗಿ ತನ್ನಿ: ತಟ್ಟೆಗೆ ಸೊಪ್ಪು ಹಾಕಲು ಹೋದ ಹುಡುಗಿಗೆ ಅಮ್ಮ "ಜ್ವರಕ್ಕೆ ಕೂತವೆ ಕಣೆ, ಈಗ ಹಾಕಬೇಡ, ಎದ್ದ ಮೇಲೆ ತಿಂತವೆ" ಎನ್ನಲಿ. ಅಷ್ಟೇ, ಅಲ್ಲಿ ಅಪ್ಪನ ಹೆಸರು ಎತ್ತಬೇಡಿ. ಮೊದಲು ವಸ್ತುವಾಗಿ ಬಂದದ್ದು ಆಮೇಲೆ ರೂಪಕವಾಗಿ ಬಂದಾಗ ಓದುಗ ತಾನೇ ಕಂಡುಹಿಡಿದೆ ಅಂದುಕೊಳ್ಳುತ್ತಾನೆ. ಕೃತಕ ಅನ್ನಿಸದಿರಲು ನನಗೆ ಗೊತ್ತಿರುವ ಅತಿ ಭರವಸೆಯ ಉಪಾಯ ಇದು.

ಒಂದೇ ರೂಪಕವನ್ನು ಹಲವು ಅಂಗಗಳಿಗೆ ಹಿಗ್ಗಿಸಿದರೆ ಸಾಂಗರೂಪಕ. ಎಷ್ಟು ಹಿಗ್ಗಿಸಬಹುದು ಎಂಬುದಕ್ಕೆ ಬಸವಣ್ಣನವರ ವಚನಕ್ಕಿಂತ ಒಳ್ಳೆಯ ಪಾಠ ಇಲ್ಲ. ಉಳ್ಳವರು ಶಿವಾಲಯ ಮಾಡುತ್ತಾರೆ, ಬಡವ ನಾನೇನು ಮಾಡಲಿ ಎಂದು ಕೇಳಿ, "ಎನ್ನ ಕಾಲೇ ಕಂಬ, ದೇಹವೇ ದೇಗುಲ" ಎಂದು ಹೇಳಿ, ತಲೆಯನ್ನು ಹೊನ್ನಿನ ಕಳಸ ಮಾಡುತ್ತಾರೆ. ಮೂರೇ ಜೋಡಿ. ಕೆಳಗಿನಿಂದ ಮೇಲಕ್ಕೆ, ದೇಗುಲ ಏಳುವ ಕ್ರಮದಲ್ಲೇ. ಕೈ ಏನು, ಕಣ್ಣು ಏನು ಎಂದು ಮುಂದುವರಿಯುವುದಿಲ್ಲ. 'ಏ' ಎಂಬ ಒಂದಕ್ಷರ ಇವೆರಡೂ ಒಂದೇ ಎಂದು ಮೊಳೆ ಹೊಡೆಯುತ್ತದೆ. ಕಾ‑ಕಂ, ದೇ‑ದೇ ಎಂಬ ಸದ್ದೂ ಜೋಡಿಯನ್ನು ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ರೂಪಕ ಅಲ್ಲಿ ಒಡವೆಯಲ್ಲ. ದೇಗುಲ ಕಟ್ಟಿಸಲು ದುಡ್ಡಿಲ್ಲದವನಿಗೆ ಅದು ಉತ್ತರ. ತೆಗೆದರೆ ವಚನವೇ ಉಳಿಯುವುದಿಲ್ಲ. ಗದ್ಯದಲ್ಲೂ ಮೂರು ಹೊಂದಾಣಿಕೆ ಆದ ಮೇಲೆ ನಿಲ್ಲಿಸಿ. ನಾಲ್ಕನೆಯದಕ್ಕೆ ಓದುಗ ಪಾತ್ರವನ್ನು ಬಿಟ್ಟು ನಿಮ್ಮ ಜಾಣತನವನ್ನು ನೋಡತೊಡಗುತ್ತಾನೆ.

ಪ್ರಮಾಣ ಕೇಳಿದ್ದೀರಿ. ಕಥೆಯಲ್ಲಾದರೆ ಅಚ್ಚಿನ ಒಂದು ಪುಟಕ್ಕೆ ಎದ್ದು ಕಾಣುವ ರೂಪಕ ಒಂದು ಸಾಕು, ಎರಡು ಪುಟ ಒಂದೂ ಇಲ್ಲದೆ ಹೋದರೂ ನಷ್ಟವಿಲ್ಲ. ಸಾವು, ಏಟು, ಕೆಟ್ಟ ಸುದ್ದಿ ಬರುವ ಕಡೆ ಬೇಡವೇ ಬೇಡ. ಅಲ್ಲಿ ಸಂಗತಿಯೇ ಭಾರ, ಬರಿಯ ಮಾತಿನಲ್ಲಿ ಹೇಳಿ. ರೂಪಕದ ಜಾಗ ಅದಕ್ಕಿಂತ ಸ್ವಲ್ಪ ಮುಂಚೆ ಅಥವಾ ಸ್ವಲ್ಪ ಆಮೇಲೆ, ಪಾತ್ರಗಳು ಸುಮ್ಮನೆ ಕೂತಿರುವ ಹೊತ್ತಿನಲ್ಲಿ.

ತಿದ್ದುವಾಗ ಪ್ರತಿ ರೂಪಕದ ಅಂಚಿನಲ್ಲಿ ಅದರ ಸಮಾನಧರ್ಮವನ್ನು ಒಂದು ಮಾತಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಅದು ಮಂಜು, ತೆಗೆಯಿರಿ. ಆಮೇಲೆ ಆ ವಸ್ತು ಬೇಡದ್ದನ್ನು ಏನಾದರೂ ಹೊತ್ತು ತರುತ್ತದೆಯೇ ನೋಡಿ. "ಅಮ್ಮ ನಮ್ಮ ಮನೆಯ ಊರುಗೋಲು" ಎಂದು ಹೊಗಳಿದಾಗ, ಕೆಲಸ ಮುಗಿದ ಮೇಲೆ ಊರುಗೋಲನ್ನು ಮೂಲೆಗೆ ಒರಗಿಸುತ್ತಾರೆ ಎಂಬುದೂ ಜೊತೆಗೆ ಬರುತ್ತದೆ. ಕೊನೆಗೆ ಸಾಲನ್ನು ಗಟ್ಟಿಯಾಗಿ ಓದಿ, ಕ್ರಿಯಾಪದದ ಮೇಲೆ ನಿಲ್ಲಿ. ಅದು ಯಾವ ವಸ್ತುವಿನದು? ಸಾಲಿನಲ್ಲಿ ಆ ವಸ್ತು ಇದೆಯೇ?

ಇಷ್ಟೂ ಮಾಡಿದರೆ ನಿಮ್ಮ ಸಾಲು ಹೀಗಾಗಬಹುದು: "ಮಗ ಹೋದ ಮಾರನೇ ದಿನ ಅಪ್ಪ ಜ್ವರಕ್ಕೆ ಕೂತರು. ಅಮ್ಮ ತಟ್ಟೆ ಇಡಲಿಲ್ಲ, ಯಾರನ್ನೂ ಹತ್ತಿರ ಬಿಡಲಿಲ್ಲ, ಕಾದಳು." ಓದುಗ ಮೊದಲು ಮೈಯ ಜ್ವರ ಎಂದುಕೊಳ್ಳುತ್ತಾನೆ, 'ಕೂತರು' ಎಂಬಲ್ಲಿ ತಡೆಯುತ್ತಾನೆ, 'ಕಾದಳು' ಎಂಬಲ್ಲಿ ಎರಡು ಪುಟ ಹಿಂದಿನ ಅಮ್ಮನ ಮಾತು ಅವನ ಕಿವಿಗೆ ಬೀಳುತ್ತದೆ. ಮುಂದೆ ಅಪ್ಪ ಮಾತಾಡುವ ಕಡೆ 'ಮೌನ ಮುರಿದರು' ಎಂದು ಬರೆಯಬೇಡಿ. 'ಎದ್ದರು' ಎಂದರೆ ಸಾಕು.